ಗ್ಲೌಸ್ ಕೊಳ್ಳುವಾಗ ಮುಷ್ಟಿ ಕಟ್ಟಿ ನೋಡಿ

ಬೈಕಿನಿಂದ ಬೀಳುವವರು ಮೊದಲು ನೆಲಕ್ಕೆ ಊರುವುದು ಅಂಗೈಯನ್ನೇ. ಯೋಚನೆ ಮಾಡಲು ಆಗ ಸಮಯ ಎಲ್ಲಿ? ಕೈ ತಾನಾಗಿ ಮುಂದಕ್ಕೆ ಹೋಗಿಬಿಡುತ್ತದೆ. ತಲೆಗೆ ಹೆಲ್ಮೆಟ್ ಬೇಕೇ ಬೇಕು ಎಂದು ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೇಳುತ್ತದೆ. ಕೈಗೆ ಏನು ಹಾಕಬೇಕೆಂಬ ಮಾತು ಅದರಲ್ಲಿಲ್ಲ. ಹಾಗಾಗಿ ಎಷ್ಟೋ ಮಂದಿ ಲಕ್ಷಗಟ್ಟಲೆ ಕೊಟ್ಟು ಗಾಡಿ ತಂದು, ಒಳ್ಳೆಯ ಹೆಲ್ಮೆಟ್ಟನ್ನೂ ಕೊಂಡು, ಬರಿಗೈಯಲ್ಲಿ ಹೊರಡುತ್ತಾರೆ. ಇನ್ನು ಕೆಲವರು ಗ್ಲೌಸ್ ಕೊಳ್ಳುತ್ತಾರೆ, ಸ್ವಲ್ಪ ದಿನ ಹಾಕುತ್ತಾರೆ, ಆಮೇಲೆ ಅದು ಬೀರು ಸೇರುತ್ತದೆ. ಯಾಕೆ ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ ಥರ: ಬೆರಳ ತುದಿ ಒತ್ತುತ್ತೆ, ಕ್ಲಚ್ ಹಿಡಿಯೋಕಾಗಲ್ಲ, ಕೈ ಜೋಮು ಹಿಡಿಯುತ್ತೆ.

ಈ ಮೂರು ದೂರುಗಳ ಹಿಂದೆ ಇರುವುದು ಬಹುತೇಕ ಅಳತೆಯ ತಪ್ಪೇ. ಅಂಗಡಿಯಲ್ಲಿ ನಾವು ಗ್ಲೌಸ್ ಹಾಕಿಕೊಂಡು ಬೆರಳು ನೆಟ್ಟಗೆ ಚಾಚುತ್ತೇವೆ, ಕೈಯನ್ನು ಹಿಂದೆ ಮುಂದೆ ತಿರುಗಿಸುತ್ತೇವೆ, ಚೆನ್ನಾಗಿದೆ ಅನ್ನುತ್ತೇವೆ. ರಸ್ತೆಯಲ್ಲಿ ಕೈ ಹಾಗೆ ಚಾಚಿಕೊಂಡು ಇರುವುದೇ ಇಲ್ಲ; ಹ್ಯಾಂಡಲ್ ಸುತ್ತ ಮಡಚಿಕೊಂಡೇ ಇರುತ್ತದೆ. ಗ್ಲೌಸನ್ನು ಮಡಚಿದ ಕೈಗೆ ಆರಿಸಬೇಕು. ಮೊದಲ ಸಲ ಚರ್ಮದ ಗ್ಲೌಸ್ ಕೊಳ್ಳುವವರು ಮಿಕ್ಕದ್ದೆಲ್ಲ ಮರೆತರೂ ಇದೊಂದನ್ನು ಮರೆಯಬಾರದು.

ಹಂತ 1: ನಿಮ್ಮ ಓಡಾಟ ಎಂಥದ್ದು?

ಬೆಂಗಳೂರಿನೊಳಗೆ ಕೆಲಸಕ್ಕೆ ಹೋಗಿಬರುವವರಿಗೆ ಬೇಕಾದ ಗ್ಲೌಸ್ ಬೇರೆ, ರಜೆ ಸಿಕ್ಕಾಗ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವವರದು ಬೇರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಎಡಗೈ ಕ್ಲಚ್ ಹಿಡಿಯುತ್ತ ಬಿಡುತ್ತಲೇ ಇರಬೇಕು. ಅಲ್ಲಿ ಮೆತ್ತಗಿನ, ಮಣಿಕಟ್ಟಿನ ಬಳಿಯೇ ಮುಗಿಯುವ ಗಿಡ್ಡ ಗ್ಲೌಸ್ ಹಿತ. ಹಾಕುವುದು, ತೆಗೆಯುವುದು ಸುಲಭ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ ಮಣಿಕಟ್ಟು ದಾಟಿ ಜಾಕೆಟ್ಟಿನ ತೋಳಿನವರೆಗೆ ಬರುವ ಉದ್ದನೆಯದು, ಅಂಗಡಿಯವರು ಗಾಂಟ್ಲೆಟ್ ಎನ್ನುವುದು, ಒಳ್ಳೆಯದು. ಬಿದ್ದಾಗ ಜಾಕೆಟ್ ಮೇಲಕ್ಕೆ ಸರಿದರೂ ಮಣಿಕಟ್ಟಿನ ಚರ್ಮ ಬಯಲಾಗುವುದಿಲ್ಲ.

ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆಗೆ ಮುಂಗೈ ಮೇಲೆ ಮತ್ತು ಬೆರಳುಗಳ ಪಕ್ಕದಲ್ಲಿ ಸಣ್ಣ ಸಣ್ಣ ತೂತುಗಳಿರುವ ಚರ್ಮ ಬೇಕು. ಅಂಗೈಯಲ್ಲಿ ಮಾತ್ರ ತೂತು ಬೇಡ. ರಸ್ತೆಗೆ ಉಜ್ಜುವ ಜಾಗ ಅದು. ಡಿಸೆಂಬರಿನಲ್ಲಿ ಬೆಳಗಿನ ಜಾವ ನಂದಿ ಬೆಟ್ಟ ಹತ್ತುವವರಿಗೆ ತೂತಿನ ಗ್ಲೌಸಿನಿಂದ ಬೆರಳು ಮರಗಟ್ಟಿ ಬ್ರೇಕ್ ಹಿಡಿಯುವುದೇ ಕಷ್ಟವಾಗುತ್ತದೆ. ಇನ್ನು ಆಗುಂಬೆ, ಮಡಿಕೇರಿ ಕಡೆಯ ಮಳೆ ತಡೆಯಲು ಬರೀ ಚರ್ಮದಿಂದ ಆಗುವುದಿಲ್ಲ. ಅದಕ್ಕೆ ಮೇಲೆ ತೊಡುವ ಮಳೆ ಕವಚ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು.

ಎಲ್ಲಕ್ಕೂ ಒಂದೇ ಜೊತೆ ಎಂಬುದು ಇಲ್ಲ. ಮೊದಲ ಜೊತೆ ಕೊಳ್ಳುವವರು ವರ್ಷದಲ್ಲಿ ಹೆಚ್ಚು ದಿನ ಯಾವ ರಸ್ತೆಯಲ್ಲಿರುತ್ತಾರೋ ಅದಕ್ಕೆ ತಕ್ಕದ್ದನ್ನು ಕೊಳ್ಳಲಿ. ಲಡಾಖ್ ಪ್ರವಾಸದ ಕನಸಿಗಾಗಿ ದಪ್ಪ ಅಸ್ತರಿನ ಗ್ಲೌಸ್ ಕೊಂಡು ಅದನ್ನು ಮೈಸೂರು ರಸ್ತೆಯ ಬಿಸಿಲಿನಲ್ಲಿ ಹಾಕುವುದು ಬೇಡ.

ಹಂತ 2: ಟೈಲರ್ ಟೇಪಿನಿಂದ ಕೈ ಅಳೆಯಿರಿ

ಬಲಗೈಯನ್ನು ಚಾಚಿ, ನಾಲ್ಕು ಬೆರಳುಗಳ ಬುಡದ ಗೆಣ್ಣುಗಳ ಮೇಲಿಂದ ಟೇಪ್ ಸುತ್ತಿ. ಹೆಬ್ಬೆರಳು ಈ ಸುತ್ತಳತೆಯೊಳಗೆ ಬರಬಾರದು. ಟೇಪ್ ತಾಗಿರಬೇಕು, ಬಿಗಿಯಬಾರದು. ಆಮೇಲೆ ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗಿನ ಉದ್ದ ಅಳೆದು ಬರೆದುಕೊಳ್ಳಿ. ಎಡಗೈಯನ್ನೂ ಅಳೆಯಿರಿ. ಎರಡು ಕೈಗಳ ಅಳತೆಯಲ್ಲಿ ತುಸು ವ್ಯತ್ಯಾಸ ಇರುವುದು ಸಾಮಾನ್ಯ, ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ. ಸಂಜೆ ಹೊತ್ತು ಅಳೆದರೆ ಇನ್ನೂ ಒಳ್ಳೆಯದು. ದಿನದ ಕೆಲಸಕ್ಕೆ, ಸೆಕೆಗೆ ಕೈ ತುಸು ಊದಿಕೊಂಡಿರುತ್ತದೆ, ದೂರದ ಪ್ರಯಾಣದಲ್ಲೂ ಹಾಗೇ ಊದಿಕೊಳ್ಳುತ್ತದೆ.

ಗ್ಲೌಸಿನ ಮೇಲೆ 8, 9, 10 ಎಂಬ ಅಂಕಿ ಇದ್ದರೆ ಅದು ಸುಮಾರಾಗಿ ಅಂಗೈ ಸುತ್ತಳತೆಯ ಇಂಚು. ಯೂರೋಪಿನ ಅಳತೆಪಟ್ಟಿಯಲ್ಲಿ 8ನೇ ಸೈಜ್ ಅಂದರೆ ಸುತ್ತಳತೆ 203 ಮಿ.ಮೀ., ಉದ್ದ 182 ಮಿ.ಮೀ. 9 ಅಂದರೆ 229 ಮತ್ತು 192. 10 ಅಂದರೆ 254 ಮತ್ತು 204. ಎಸ್, ಎಂ, ಎಲ್ ಎಂಬ ಅಕ್ಷರಗಳನ್ನು ಮಾತ್ರ ನಂಬಬೇಡಿ. ಒಂದು ಕಂಪನಿಯ ಎಂ ಇನ್ನೊಂದು ಕಂಪನಿಯ ಎಲ್ ಆಗಿರುತ್ತದೆ. ಆನ್‌ಲೈನಿನಲ್ಲಿ ತರಿಸುವವರು ಆಯಾ ಕಂಪನಿಯ ಅಳತೆಪಟ್ಟಿಯನ್ನೇ ತೆರೆದು ತಮ್ಮ ಮಿಲಿಮೀಟರುಗಳನ್ನು ಅದಕ್ಕೆ ಹೋಲಿಸಬೇಕು, ಬದಲಾಯಿಸಿ ಕೊಡುವ ಷರತ್ತನ್ನೂ ಓದಿಕೊಂಡಿರಬೇಕು.

ಸುತ್ತಳತೆ ಒಂದು ಸೈಜನ್ನೂ ಉದ್ದ ಇನ್ನೊಂದು ಸೈಜನ್ನೂ ತೋರಿಸಿದರೆ ಏನು ಮಾಡುವುದು? ಉದ್ದನೆಯ ಸಪೂರ ಬೆರಳಿನವರಿಗೂ, ಅಗಲ ಅಂಗೈಯ ಗಿಡ್ಡ ಬೆರಳಿನವರಿಗೂ ಈ ತೊಂದರೆ ಇದ್ದದ್ದೇ. ಇಲ್ಲಿ ಚರ್ಮದ ಒಂದು ಗುಣ ತಿಳಿದಿರಬೇಕು: ಬಳಸುತ್ತ ಹೋದಂತೆ ಅಗಲದಲ್ಲಿ ಅದು ಸಾಕಷ್ಟು ಹಿಗ್ಗುತ್ತದೆ, ಬೆರಳ ಉದ್ದದಲ್ಲಿ ಅಷ್ಟಾಗಿ ಹಿಗ್ಗುವುದಿಲ್ಲ. ಅಂಗೈಯ ಸುತ್ತ ತುಸು ಬಿಗಿ ಇದ್ದರೆ ಕೊಳ್ಳಬಹುದು. ಬೆರಳ ತುದಿ ಒತ್ತುತ್ತಿದ್ದರೆ ಕೊಳ್ಳಬಾರದು. ‘ಹಾಕ್ತಾ ಹಾಕ್ತಾ ಲೂಸಾಗುತ್ತೆ ಸರ್’ ಎಂದು ಅಂಗಡಿಯವರು ಹೇಳುವುದು ಅರ್ಧ ನಿಜ. ಯಾವ ಅರ್ಧ ಎಂಬುದು ಕೊಳ್ಳುವವರಿಗೆ ಗೊತ್ತಿರಬೇಕು.

ಹೆಣ್ಣುಮಕ್ಕಳಿಗೆ ಒಂದು ಮಾತು. ಗಂಡಸರ ಮಾದರಿಯ ಅತಿ ಸಣ್ಣ ಸೈಜನ್ನು ಕೊಟ್ಟು ಇದೇ ಆಗುತ್ತೆ ಮೇಡಂ ಎಂದು ಸಾಗಹಾಕುವುದುಂಟು. ಅಂಗೈ ಅಗಲ ಸರಿಹೋದರೂ ಬೆರಳುಗಳು ಉದ್ದವಾಗಿ, ದಪ್ಪವಾಗಿ ಉಳಿದುಬಿಡುತ್ತವೆ. ಹೆಂಗಸರ ಕೈಗೆಂದೇ ಕತ್ತರಿಸಿದ ಮಾದರಿಗಳು ಕಡಿಮೆಯಾದರೂ ಈಗ ಸಿಗುತ್ತವೆ, ಕೇಳಿ ತರಿಸಿಕೊಳ್ಳಿ.

ಹಂತ 3: ಚರ್ಮ ಯಾವುದು?

ಜಾರಿಬಿದ್ದು ರಸ್ತೆಗೆ ಉಜ್ಜಿದಾಗ ಸಾಧಾರಣ ನೈಲಾನ್, ಪಾಲಿಯೆಸ್ಟರ್ ಬಟ್ಟೆ ಆ ಶಾಖಕ್ಕೆ ಕರಗುತ್ತದೆ. ಚರ್ಮ ಕರಗುವುದಿಲ್ಲ. ಅದರ ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುವುದರಿಂದ ಒಂದು ಕಡೆ ಸವೆದರೂ ಸೀಳಿಕೊಂಡು ಹೋಗುವುದಿಲ್ಲ. ಇಷ್ಟು ವರ್ಷಗಳ ನಂತರವೂ ರೇಸಿನವರು ಚರ್ಮವನ್ನೇ ಹಾಕುವುದು ಇದಕ್ಕೇ.

ಮೇಕೆ ಚರ್ಮ ಹೊಸಬರಿಗೆ ನನ್ನ ಮೊದಲ ಆಯ್ಕೆ. ತೆಳುವಾಗಿದ್ದರೂ ಗಟ್ಟಿ, ಬೇಗ ಕೈಗೆ ಒಗ್ಗುತ್ತದೆ, ಲಿವರ್ ಎಲ್ಲಿದೆ ಎಂಬುದು ಬೆರಳಿಗೆ ಸರಿಯಾಗಿ ತಿಳಿಯುತ್ತದೆ. ದನದ ಚರ್ಮ ದಪ್ಪ, ಉಜ್ಜುವಿಕೆಗೆ ಚೆನ್ನಾಗಿ ತಡೆಯುತ್ತದೆ, ಆದರೆ ಹದಕ್ಕೆ ಬರಲು ವಾರಗಳೇ ಬೇಕು. ಅಲ್ಲಿಯವರೆಗೆ ಪ್ರತಿ ಸಲ ಬೆರಳು ಮಡಚುವಾಗಲೂ ಅದು ಎದುರು ನಿಲ್ಲುತ್ತದೆ, ಮುಂಗೈಯಿಂದ ಮೊಣಕೈವರೆಗೆ ನೋವು ಬರುತ್ತದೆ. ಎಮ್ಮೆ ಚರ್ಮ ಇನ್ನೂ ಒರಟು. ಕುರಿ ಚರ್ಮ ಮುಟ್ಟಲು ಬಹಳ ಮೃದು, ಅಂಗಡಿಯಲ್ಲಿ ಎಲ್ಲರಿಗೂ ಹಿಡಿಸುತ್ತದೆ. ಆದರೆ ಬೇಗ ಹರಿಯುತ್ತದೆ, ಅಂಗೈಗೆ ಅದು ಬೇಡ. ಕಾಂಗರೂ ಚರ್ಮದ ನಾರುಗಳು ಮೇಲ್ಮೈಗೆ ಸಮಾನಾಂತರವಾಗಿ ಜೋಡಣೆಯಾಗಿರುವುದರಿಂದ ಅದು ತೀರ ತೆಳುವಾಗಿದ್ದರೂ ಬಲವಾಗಿರುತ್ತದೆ. ದುಬಾರಿ ರೇಸಿಂಗ್ ಗ್ಲೌಸುಗಳ ಅಂಗೈಯಲ್ಲಿ ಅದನ್ನು ಬಳಸುತ್ತಾರೆ. ಮೊದಲ ಜೊತೆಗೆ ಅಷ್ಟು ಖರ್ಚು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ನಿಜವಾದ ಚರ್ಮವೋ ರೆಕ್ಸಿನ್ನೋ ಎಂದು ತಿಳಿಯಲು ಮಣಿಕಟ್ಟಿನ ಪಟ್ಟಿಯ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿಯಿರಿ. ಚರ್ಮವಾದರೆ ಅಂಚಿನುದ್ದಕ್ಕೂ ನಾರು ನಾರಾಗಿ ಕಾಣುತ್ತದೆ. ರೆಕ್ಸಿನ್ ಆದರೆ ಮೇಲೊಂದು ಪ್ಲಾಸ್ಟಿಕ್ ಪದರ, ಕೆಳಗೊಂದು ಬಟ್ಟೆ, ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಹೆಬ್ಬೆರಳಿನಿಂದ ಒತ್ತಿ ನೋಡಿ: ಚರ್ಮದಲ್ಲಿ ಸುತ್ತಲೂ ಸಣ್ಣ ಸುಕ್ಕುಗಳು ಏಳುತ್ತವೆ, ರಂಧ್ರಗಳು ಒಂದೇ ಸಮನಾಗಿರುವುದಿಲ್ಲ. ಬರೀ ‘ಜೆನ್ಯೂನ್ ಲೆದರ್’ ಎಂಬ ಚೀಟಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಚರ್ಮದ ಮೇಲ್ಪದರ ತೆಗೆದ ಮೇಲೆ ಉಳಿಯುವ ಕೆಳಪದರಕ್ಕೆ ಪ್ಲಾಸ್ಟಿಕ್ ಲೇಪ ಕೊಟ್ಟದ್ದಕ್ಕೂ ಅದೇ ಚೀಟಿ ಅಂಟಿಸುತ್ತಾರೆ. ಮೇಕೆ ಚರ್ಮವೋ, ದನದ್ದೋ, ಮೇಲ್ಪದರವೋ ಎಂದು ಬಿಡಿಸಿ ಬರೆದಿರುವ ಕಂಪನಿಯನ್ನು ನಂಬಬಹುದು.

ಹಂತ 4: ಹೊಲಿಗೆಯನ್ನು ಬೆರಳಿನಿಂದಲೇ ಓದಿ

ಗ್ಲೌಸಿನೊಳಗೆ ಕೈ ಹಾಕಿ ಬೆರಳ ತುದಿಗಳಲ್ಲಿ ನಿಧಾನವಾಗಿ ತಡಕಿ. ಉಗುರಿನ ಎದುರಿಗೆ ಗಂಟಿನಂಥ ಹೊಲಿಗೆ ತಾಗಿದರೆ ಅಂಗಡಿಯಲ್ಲಿ ಅದು ಸಣ್ಣ ಕಿರಿಕಿರಿ ಅನ್ನಿಸಬಹುದು; ಹಾಸನ ತಲುಪುವಷ್ಟರಲ್ಲಿ ಉಗುರ ಬುಡ ಕೆಂಪಾಗಿ ನೋಯುತ್ತಿರುತ್ತದೆ. ಹೊಲಿಗೆಯ ಅಂಚು ಹೊರಕ್ಕೆ ಕಾಣುವಂತೆ ಹೊಲಿದ ಬೆರಳುಗಳು ಒಳಗೆ ನುಣುಪಾಗಿರುತ್ತವೆ, ಹಿತವಾಗಿರುತ್ತವೆ. ಆದರೆ ಹೊರಗಿರುವ ದಾರ ರಸ್ತೆಗೆ ಉಜ್ಜಿದರೆ ಬೇಗ ಸವೆಯುತ್ತದೆ. ಹಾಗಾಗಿ ಬೆರಳ ತುದಿಗಳಲ್ಲಿ ಹೊರಹೊಲಿಗೆ, ಅಂಗೈಯ ಬುಡದಲ್ಲಿ ಒಳಹೊಲಿಗೆ ಇರುವ ಗ್ಲೌಸ್ ಸಿಕ್ಕರೆ ಅದನ್ನು ಬಿಡಬೇಡಿ. ಅಂಗೈ ಭಾಗದಲ್ಲಿ ಒಂದು ಸಾಲು ಹೊಲಿಗೆಗಿಂತ ಎರಡು ಸಾಲು ವಾಸಿ. ಎರಡು ಕೈಯಿಂದ ಹೊಲಿಗೆಯ ಎರಡೂ ಬದಿ ಹಿಡಿದು ಮೆಲ್ಲಗೆ ಎಳೆಯಿರಿ. ನಡುವೆ ಬೆಳಕು ಕಂಡರೆ, ದಾರ ಸಡಿಲವಾಗಿ ಮೇಲೆದ್ದರೆ ವಾಪಸ್ ಕೊಡಿ.

ಅಸ್ತರನ್ನೂ ಈಗಲೇ ಪರೀಕ್ಷಿಸಿ. ಬೆವರಿದ ಕೈಯನ್ನು ಹೊರಗೆ ಎಳೆದಾಗ ಅಸ್ತರೂ ಕೈಯೊಡನೆ ಬಂದುಬಿಟ್ಟರೆ ಆ ಗ್ಲೌಸ್ ಮತ್ತೆ ಸರಿಹೋಗುವುದು ಕಷ್ಟ. ಟೋಲ್ ಗೇಟಿನಲ್ಲಿ ನಿಂತು ಒಂದೊಂದೇ ಬೆರಳಿನ ಅಸ್ತರನ್ನು ಒಳಗೆ ತುರುಕುವ ಪಾಡು ಯಾರಿಗೂ ಬೇಡ. ಬೆರಳ ತುದಿಯಲ್ಲಿ ಅಸ್ತರನ್ನು ಚಿವುಟಿ ಎಳೆದು ನೋಡಿದರೆ ಅದು ಚರ್ಮಕ್ಕೆ ಹೊಲಿದಿದೆಯೋ ಸುಮ್ಮನೆ ಒಳಗೆ ತೂಗಾಡುತ್ತಿದೆಯೋ ಗೊತ್ತಾಗುತ್ತದೆ. ನಮ್ಮ ಹವೆಗೆ ಅಂಗೈಯಲ್ಲಿ ಅಸ್ತರೇ ಇಲ್ಲದ ಗ್ಲೌಸ್ ಬಹಳ ಚೆನ್ನ.

ಹಂತ 5: ಮುಷ್ಟಿ ಕಟ್ಟಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಮೊದಲು ಉಂಗುರ, ಕಡಗ, ವಾಚು ತೆಗೆದಿಡಿ. ಹರಳಿನ ಉಂಗುರ ಹಾಕಿಕೊಂಡೇ ಓಡಿಸುವವರು ಅದನ್ನು ಹಾಕಿಕೊಂಡೂ ಒಮ್ಮೆ ನೋಡಬೇಕು. ಒತ್ತಿದರೆ ಓಡಿಸುವಾಗ ಉಂಗುರ ಜೇಬಿನಲ್ಲಿರಲಿ. ಮಣಿಕಟ್ಟಿಗೆ ದೇವಸ್ಥಾನದ ದಾರ ಇದ್ದರೆ ತೊಂದರೆಯಿಲ್ಲ, ಆದರೆ ಅದರ ದಪ್ಪ ಗಂಟು ಪಟ್ಟಿಯ ಅಡಿ ಬರದಂತೆ ತಿರುಗಿಸಿಕೊಳ್ಳಿ.

ಈಗ ಎರಡೂ ಗ್ಲೌಸ್ ಹಾಕಿ, ಪಟ್ಟಿ ಬಿಗಿದು, ಬೆರಳುಗಳ ಸಂದುಗಳನ್ನು ಇನ್ನೊಂದು ಕೈಯಿಂದ ಒತ್ತಿ ಕೂರಿಸಿ. ಬೆರಳು ಚಾಚಿದಾಗ ತುದಿಯಲ್ಲಿ ಮೂರರಿಂದ ಐದು ಮಿಲಿಮೀಟರ್ ಖಾಲಿ ಇರಬೇಕು. ಆಮೇಲೆ ನಿಧಾನವಾಗಿ ಮುಷ್ಟಿ ಕಟ್ಟಿ. ಮುಷ್ಟಿ ಕಟ್ಟಿದಾಗ ಕೈಯ ಮೇಲ್ಭಾಗ ಉದ್ದವಾಗುತ್ತದೆ, ಅಂಗೈ ಕುಗ್ಗುತ್ತದೆ. ಚಪ್ಪಟೆಯಾಗಿ ಕತ್ತರಿಸಿ ಹೊಲಿದ ಗ್ಲೌಸ್ ಎರಡೂ ಕಡೆ ತೊಂದರೆ ಕೊಡುವುದು ಇಲ್ಲೇ. ಮೇಲ್ಗಡೆ ಚರ್ಮ ಸಾಲದೆ ಗೆಣ್ಣುಗಳ ಮೇಲೆ ಎಳೆಯುತ್ತದೆ, ಕೆಳಗಡೆ ಚರ್ಮ ಹೆಚ್ಚಾಗಿ ಅಂಗೈಯಲ್ಲಿ ನೆರಿಗೆ ಬೀಳುತ್ತದೆ. ಒಳ್ಳೆಯ ಗ್ಲೌಸನ್ನು ಮೇಜಿನ ಮೇಲಿಟ್ಟರೂ ಅದರ ಬೆರಳುಗಳು ಅರ್ಧ ಮಡಚಿಕೊಂಡೇ ಇರುತ್ತವೆ, ಗೆಣ್ಣಿನ ಹಿಂದೆ ಹಿಗ್ಗುವ ನೆರಿಗೆಪಟ್ಟಿ ಇರುತ್ತದೆ. ಅಂಥದ್ದನ್ನು ಆರಿಸಿ.

ಮುಷ್ಟಿ ಹಾಗೇ ಇರಲಿ, ನಾಲ್ಕು ಜಾಗ ಗಮನಿಸಿ. ಬೆರಳ ತುದಿ ಈಗ ಚರ್ಮಕ್ಕೆ ತಾಗಿ ಒತ್ತುತ್ತಿದೆಯೇ? ಒತ್ತುತ್ತಿದ್ದರೆ ಗಿಡ್ಡವಾಯಿತು. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದು ಎಳೆಯುತ್ತಿದೆಯೇ? ಎಕ್ಸಲರೇಟರ್ ತಿರುಗಿಸುವಾಗ ಹೆಚ್ಚು ಉಜ್ಜುವುದು ಅದೇ ಜಾಗ. ಅಲ್ಲಿ ಎಳೆತ ಇದ್ದರೆ ಗುಳ್ಳೆ ಏಳುತ್ತದೆ. ಗೆಣ್ಣಿನ ಮೇಲಿನ ಗಟ್ಟಿ ಚಿಪ್ಪು ಸರಿಯಾಗಿ ಗೆಣ್ಣಿನ ಮೇಲೇ ಕೂತಿದೆಯೇ, ಇಲ್ಲ ಅದರ ಅಂಚು ಮೂಳೆಗೆ ಚುಚ್ಚುತ್ತಿದೆಯೇ? ಕೊನೆಗೆ, ಅಂಗೈಯಲ್ಲಿ ಇನ್ನೊಂದು ಕೈಯ ಬೆರಳಾಡಿಸಿ: ಮಡಿಕೆ ಎಷ್ಟು ದಪ್ಪ ಇದೆ? ತೆಳುವಾದ ಒಂದೆರಡು ಮಡಿಕೆ ಸಹಜ. ಹಗ್ಗದ ಹಾಗೆ ಉಬ್ಬಿದ ಮಡಿಕೆ ಗ್ರಿಪ್ಪಿಗೂ ಅಂಗೈಗೂ ನಡುವೆ ಸಿಕ್ಕಿಕೊಂಡು ಗುಳ್ಳೆ ಎಬ್ಬಿಸುತ್ತದೆ.

ಪರಿಚಯದ ಹುಡುಗಿಯೊಬ್ಬಳಿಗೆ ಗ್ಲೌಸ್ ಕೊಡಿಸಲು ಹೋಗಿದ್ದಾಗ ಇದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಅವಳಿಗೆ ಎಂ ಸೈಜ್ ಹಾಕಿ ಕೈ ಚಾಚಿದರೆ ಅಚ್ಚು ಹೊಯ್ದಂತೆ ಕೂತಿತ್ತು. ‘ಮೇಡಂ, ಪರ್ಫೆಕ್ಟ್’ ಎಂದ ಅಂಗಡಿಯಾತ. ಮುಷ್ಟಿ ಕಟ್ಟಮ್ಮ ಎಂದೆ. ಕಟ್ಟಿದಳು, ಕಿರುಬೆರಳು ಪೂರ್ತಿ ಮಡಚಲೇ ಇಲ್ಲ, ಗೆಣ್ಣಿನ ಹೊಲಿಗೆ ಬಿಳುಪೇರಿತು. ಅದೇ ಮಾದರಿಯ ಎಲ್ ಹಾಕಿದಾಗ ಬೆರಳೇನೋ ಸಲೀಸಾಗಿ ಮಡಚಿತು, ಅಂಗೈಯಲ್ಲಿ ಮಾತ್ರ ಚರ್ಮ ಮುದ್ದೆಯಾಯಿತು. ದೋಷ ಸೈಜಿನಲ್ಲಿರಲಿಲ್ಲ, ಕತ್ತರಿಸಿದ ರೀತಿಯಲ್ಲಿತ್ತು. ಬೇರೆ ಕಂಪನಿಯ, ಬೆರಳು ಮೊದಲೇ ಬಾಗಿಸಿ ಹೊಲಿದ ಮೇಕೆ ಚರ್ಮದ ಗ್ಲೌಸಿನಲ್ಲಿ ಎಂ ಸೈಜೇ ಅವಳ ಮುಷ್ಟಿಗೆ ಸರಿಹೋಯಿತು. ಒಂದು ಮಾದರಿ ಎರಡು ಸೈಜಿನಲ್ಲೂ ಹೊಂದದಿದ್ದರೆ ಮೂರನೇ ಸೈಜ್ ಕೇಳಬೇಡಿ, ಮಾದರಿಯನ್ನೇ ಬದಲಾಯಿಸಿ.

ಮುಷ್ಟಿ ಬಿಡಿಸಿ ಕಟ್ಟಿ, ಹೀಗೆ ಐದು ನಿಮಿಷ ಗ್ಲೌಸ್ ಹಾಕಿಕೊಂಡೇ ಇರಿ. ಒತ್ತುವ ಜಾಗ ಮೊದಲ ನಿಮಿಷದಲ್ಲಿ ಸುಮ್ಮನಿರುತ್ತದೆ, ನಾಲ್ಕನೆಯದರಲ್ಲಿ ಮಾತಾಡುತ್ತದೆ. ಅಂಗಡಿಯವರು ಅವಸರಪಡಿಸಿದರೆ ಬೇರೆ ಅಂಗಡಿಗೆ ನಡೆಯಿರಿ.

ಹಂತ 6: ಕಿತ್ತುಬರುತ್ತದೆಯೇ ಎಂದು ಎಳೆದು ನೋಡಿ

ಬಿದ್ದಾಗ ಕೈಯಿಂದ ಕಳಚಿ ಹಾರಿಹೋಗುವ ಗ್ಲೌಸಿನಿಂದ ಏನು ಪ್ರಯೋಜನ? ಮಣಿಕಟ್ಟಿನ ಪಟ್ಟಿ ಬಿಗಿದು, ಇನ್ನೊಬ್ಬರಿಗೆ ಬೆರಳ ತುದಿಗಳನ್ನು ಹಿಡಿದು ಎಳೆಯಲು ಹೇಳಿ. ಗ್ಲೌಸ್ ತುಸು ಸರಿಯಬಹುದು. ಹೆಬ್ಬೆರಳ ಬುಡ ದಾಟಿ ಕಳಚಬಾರದು. ಪಟ್ಟಿ ಮಣಿಕಟ್ಟಿನ ಅತಿ ಸಪೂರ ಜಾಗದಲ್ಲಿ ಸುತ್ತಬೇಕು, ಮೇಲೆ ಅಂಗೈ ಕಡೆಗಲ್ಲ. ವೆಲ್ಕ್ರೋ ಪಟ್ಟಿ ಬಿಗಿದ ಮೇಲೆ ಅದರ ತುದಿ ಗಾಳಿಗೆ ಪಟಪಟಿಸುವಷ್ಟು ಉಳಿದರೆ ಆ ಗ್ಲೌಸ್ ನಿಮ್ಮ ಮಣಿಕಟ್ಟಿಗೆ ದೊಡ್ಡದು. ಪಟ್ಟಿಯೇ ಇಲ್ಲದ, ಬರೀ ಎಲಾಸ್ಟಿಕ್ ಇರುವ ಗ್ಲೌಸುಗಳು ನೋಡಲು ಎಷ್ಟೇ ಚೆಂದವಿರಲಿ, ಅವು ಬೈಕಿಗಲ್ಲ.

ಹಾಗೆಂದು ಪಟ್ಟಿಯನ್ನು ಜೋಮು ಹಿಡಿಯುವಷ್ಟು ಬಿಗಿಯಬೇಕಿಲ್ಲ. ಬಿಗಿದ ಪಟ್ಟಿಯಡಿ ಒಂದು ಬೆರಳು ಕಷ್ಟಪಟ್ಟು ನುಗ್ಗಿದರೆ ಸರಿಯಾಗಿದೆ.

ಹಂತ 7: ರಕ್ಷಣೆ ಎಲ್ಲೆಲ್ಲಿ ಇರಬೇಕು

ಗೆಣ್ಣಿನ ಮೇಲಿನ ಹೊಳೆಯುವ ಚಿಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ. ನಾನು ಮೊದಲು ತಿರುಗಿಸಿ ನೋಡುವುದು ಅಂಗೈಯ ಬುಡವನ್ನು. ಮಣಿಕಟ್ಟಿನಲ್ಲಿ, ಹೆಬ್ಬೆರಳ ಕಡೆಗೆ, ಗೋಡಂಬಿಯಷ್ಟು ಗಾತ್ರದ ಒಂದು ಮೂಳೆ ಇದೆ, ಸ್ಕ್ಯಾಫಾಯ್ಡ್ ಎಂದು ಅದರ ಹೆಸರು. ಕೈ ಊರಿ ಬಿದ್ದಾಗ ಮುರಿಯುವ ಮೂಳೆಗಳಲ್ಲಿ ಅದು ಮುಖ್ಯವಾದದ್ದು. ಅದಕ್ಕೆ ರಕ್ತ ಬಹುಪಾಲು ಬೆರಳ ಕಡೆಯ ತುದಿಯಿಂದ ಹಿಮ್ಮುಖವಾಗಿ ಬರುವುದರಿಂದ, ನಡುವೆ ಮುರಿದರೆ ಇನ್ನೊಂದು ತುಂಡಿಗೆ ರಕ್ತ ಸಾಲದೆ ಮೂಳೆ ಕೂಡುವುದು ನಿಧಾನ, ಕೆಲವೊಮ್ಮೆ ಕೂಡುವುದೇ ಇಲ್ಲ. ಚರ್ಮ ಟಾರಿಗೆ ಕಚ್ಚಿ ಹಿಡಿದುಕೊಂಡರೆ ಅಂಗೈ ಅಲ್ಲೇ ನಿಲ್ಲುತ್ತದೆ, ಮೈ ಮುಂದೆ ಹೋಗುತ್ತದೆ, ಮಣಿಕಟ್ಟು ಹಿಂದಕ್ಕೆ ಮುರಿದಂತೆ ಬಾಗುತ್ತದೆ. ಅಂಗೈಯ ಬುಡದಲ್ಲಿ ನುಣುಪಾದ ಗಟ್ಟಿ ಪ್ಲಾಸ್ಟಿಕ್ ತುಂಡು ಇದ್ದರೆ ಕೈ ಕಚ್ಚಿಕೊಳ್ಳದೆ ಜಾರುತ್ತದೆ. ಸ್ಲೈಡರ್ ಎಂದು ಕರೆಯುವ ಈ ಭಾಗ ಇರುವ ಗ್ಲೌಸನ್ನೇ ಕೇಳಿ. ಅದು ಗ್ರಿಪ್ಪಿಗೆ ತಾಗದಷ್ಟು ಕೆಳಗಿರಬೇಕು. ತಾಗಿದರೆ ಓಡಿಸುವಾಗ ಒತ್ತುತ್ತದೆ.

ಕಿರುಬೆರಳಿನ ಹೊರಬದಿಗೆ ಇನ್ನೊಂದು ಪದರ ಚರ್ಮ ಇದೆಯೇ ನೋಡಿ. ರೇಸಿಂಗ್ ಗ್ಲೌಸುಗಳಲ್ಲಿ ಕಿರುಬೆರಳನ್ನೂ ಉಂಗುರ ಬೆರಳನ್ನೂ ಒಂದು ಸಣ್ಣ ಪಟ್ಟಿಯಿಂದ ಜೋಡಿಸಿರುತ್ತಾರೆ, ಜಾರುವಾಗ ಕಿರುಬೆರಳು ಅಡಿಗೆ ಸಿಕ್ಕಿ ತಿರುಚದಿರಲಿ ಎಂದು. ಊರೊಳಗಿನ ಓಡಾಟಕ್ಕೆ ಅದು ಕಡ್ಡಾಯವಲ್ಲ. ಅಂಗೈಯ ದಪ್ಪ ಜೆಲ್ ದಿಂಬು ಅಂಗಡಿಯಲ್ಲಿ ಹಿತ ಅನ್ನಿಸುತ್ತದೆ, ಆದರೆ ಗ್ರಿಪ್ಪನ್ನು ದಪ್ಪ ಮಾಡಿ ಕೈಗೆ ಹೆಚ್ಚು ಕೆಲಸ ಕೊಡುತ್ತದೆ. ಸಣ್ಣ ಕೈಯವರು ಅದನ್ನು ಬಿಡುವುದೇ ಮೇಲು.

ಒಳಗಿನ ಚೀಟಿಯಲ್ಲಿ ಬೈಕ್ ಸವಾರನ ಚಿತ್ರವೂ ಇಎನ್ 13594:2015 ಎಂಬ ಬರಹವೂ ಇದ್ದರೆ ಅದು ಯೂರೋಪಿನ ಬೈಕ್ ಗ್ಲೌಸ್ ಮಾನದಂಡದಲ್ಲಿ ತೇರ್ಗಡೆಯಾಗಿದೆ ಎಂದರ್ಥ. ಪಕ್ಕದ 1 ಅಥವಾ 2 ಮಟ್ಟವನ್ನು ಹೇಳುತ್ತದೆ. ಉಜ್ಜುವ ಪರೀಕ್ಷೆಯಲ್ಲಿ ಅಂಗೈ ಒಂದನೇ ಮಟ್ಟಕ್ಕೆ ಕನಿಷ್ಠ 4 ಸೆಕೆಂಡ್, ಎರಡನೇ ಮಟ್ಟಕ್ಕೆ 8 ಸೆಕೆಂಡ್ ತಡೆಯಬೇಕು. ಕೆಪಿ ಎಂದಿದ್ದರೆ ಗೆಣ್ಣಿನ ಚಿಪ್ಪನ್ನೂ ಪರೀಕ್ಷಿಸಿದ್ದಾರೆ. ಒಂದನೇ ಮಟ್ಟಕ್ಕೆ ಅದು ಐಚ್ಛಿಕ, ಎರಡನೆಯದಕ್ಕೆ ಕಡ್ಡಾಯ. ಬರೀ ಸಿಇ ಎಂಬ ಎರಡಕ್ಷರ ಇದ್ದು ಸಂಖ್ಯೆ ಇಲ್ಲದಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹೊಸಬರಿಗೆ 1 ಕೆಪಿ ಇರುವ, ಮುಷ್ಟಿಗೆ ಚೆನ್ನಾಗಿ ಹೊಂದುವ ಗ್ಲೌಸ್ ಸಾಕು. ಎರಡನೇ ಮಟ್ಟದ್ದು ಕೈಗೆ ಭಾರವಾಗಿ ಮನೆಯಲ್ಲೇ ಉಳಿಯುವುದಾದರೆ ಅದರ ಆ 8 ಸೆಕೆಂಡ್ ಯಾರಿಗೂ ಒದಗುವುದಿಲ್ಲ.

ಹಂತ 8: ನಿಮ್ಮ ಗಾಡಿಯ ಮೇಲೆ ಕೂತು ನೋಡಿ

ಅಂಗಡಿಗೆ ಸ್ವಂತ ಗಾಡಿಯಲ್ಲೇ ಹೋಗಿ, ಜಾಕೆಟ್ ಹಾಕಿಕೊಂಡೇ ಹೋಗಿ. ಚೀಟಿ ಕೀಳದೆ ಹೊರಗೆ ತಂದು ನೋಡುತ್ತೇನೆ ಎಂದರೆ ಒಳ್ಳೆಯ ಅಂಗಡಿಯವರು ಬೇಡ ಅನ್ನುವುದಿಲ್ಲ. ಎಂಜಿನ್ ಆಫ್ ಇರಲಿ. ಎರಡು ಬೆರಳಲ್ಲಿ ಕ್ಲಚ್ ಎಳೆದು ಬಿಡಿ, ಆಮೇಲೆ ನಾಲ್ಕು ಬೆರಳಲ್ಲಿ. ಹಳೆಯ ಬುಲೆಟ್‌ನಂಥ ಗಟ್ಟಿ ಕ್ಲಚ್ಚಿನ ಗಾಡಿಯಾದರೆ ದಪ್ಪ ಗ್ಲೌಸಿನ ಎದುರುಬಲ ಇಲ್ಲಿ ತಕ್ಷಣ ಗೊತ್ತಾಗುತ್ತದೆ. ಎಕ್ಸಲರೇಟರನ್ನು ಪೂರ್ತಿ ತಿರುಗಿಸಿ ಬಿಡಿ: ಅಂಗೈ ಗ್ಲೌಸಿನೊಳಗೆ ತಿರುಗುತ್ತಿದೆಯೇ, ಗ್ಲೌಸಿನೊಡನೆ ತಿರುಗುತ್ತಿದೆಯೇ? ಒಳಗೇ ತಿರುಗಿದರೆ ದೊಡ್ಡದಾಯಿತು. ಹೆಬ್ಬೆರಳಲ್ಲಿ ಹಾರ್ನ್ ಒತ್ತಿ, ಇಂಡಿಕೇಟರ್ ಹಾಕಿ ತೆಗೆಯಿರಿ, ನೋಡದೆ ಮಾಡಿ. ಬ್ರೇಕ್ ಲಿವರ್‌ನಿಂದ ಬೆರಳು ತೆಗೆಯುವಾಗ ತುದಿಯ ಸಡಿಲ ಚರ್ಮ ಲಿವರ್ ಮತ್ತು ಗ್ರಿಪ್ಪಿನ ನಡುವೆ ಸಿಕ್ಕಿಕೊಳ್ಳುತ್ತದೆಯೇ ಎಂದೂ ನೋಡಿ. ಸಣ್ಣದಾಗಿ ಕಾಣುವ ಈ ದೋಷ ಅಪಾಯದ್ದು.

ಉದ್ದ ಗ್ಲೌಸಾದರೆ ಜಾಕೆಟ್ ತೋಳು ಒಳಗೆ ಹೋಗುತ್ತದೆಯೋ ಹೊರಗೆ ಉಳಿಯುತ್ತದೆಯೋ ನೋಡಿಕೊಳ್ಳಿ. ಕೈ ಭುಜಕ್ಕಿಂತ ಕೆಳಗಿರುವ ಗಾಡಿಗಳಲ್ಲಿ ಮಳೆನೀರು ತೋಳಿನ ಮೇಲಿಂದ ಇಳಿದು ಗ್ಲೌಸಿನೊಳಗೆ ಸೇರದಂತೆ ಗ್ಲೌಸಿನ ಪಟ್ಟಿ ತೋಳಿನ ಒಳಗಿರುವುದು ವಾಸಿ.

ಹಂತ 9: ಕೈಗೆ ಒಗ್ಗಿಸಿ, ಬಾಳಿಸಿ

ಹೊಸ ಗ್ಲೌಸ್ ಹಾಕಿಕೊಂಡು ಮೊದಲ ದಿನವೇ ದೂರ ಹೋಗಬೇಡಿ. ಮನೆಯಲ್ಲಿ ಕೂತಾಗ ಹಾಕಿಕೊಂಡು ಮುಷ್ಟಿ ಕಟ್ಟಿ ಬಿಡಿಸುತ್ತಿರಿ, ಊರೊಳಗಿನ ಸಣ್ಣ ಓಡಾಟಕ್ಕೆ ಬಳಸಿ. ಮೇಕೆ ಚರ್ಮ ಕೆಲವೇ ದಿನಗಳಲ್ಲಿ ನಿಮ್ಮ ಕೈಯ ಮಡಿಕೆಗಳನ್ನು ಕಲಿತುಬಿಡುತ್ತದೆ. ಕಪ್ಪು ಗ್ಲೌಸ್ ಮೊದಮೊದಲು ಬೆವರಿಗೆ ಬಣ್ಣ ಬಿಟ್ಟು ಕೈಗೆ ಹತ್ತುತ್ತದೆ, ಗಾಬರಿ ಬೇಡ.

ಮಳೆಯಲ್ಲಿ ನೆಂದರೆ ಬಿಸಿಲಿಗೆ, ಒಲೆಯ ಹತ್ತಿರ, ಬಿಸಿ ಸೈಲೆನ್ಸರ್ ಮೇಲೆ ಒಣಗಿಸಬೇಡಿ. ಚರ್ಮ ಸೆಟೆದು ಬಿರಿಯುತ್ತದೆ. ಬೆರಳುಗಳನ್ನು ಎಳೆದು ಆಕಾರಕ್ಕೆ ತಂದು, ಬಾಯಿ ಅಗಲಿಸಿ ಫ್ಯಾನಿನ ಗಾಳಿಗೆ ನೆರಳಲ್ಲಿಡಿ. ಇನ್ನೂ ತುಸು ಹಸಿ ಇರುವಾಗಲೇ ಒಮ್ಮೆ ಹಾಕಿಕೊಂಡು ಕೆಲವು ಸಲ ಮುಷ್ಟಿ ಕಟ್ಟಿದರೆ ಒಣಗಿದ ಮೇಲೆ ಗಡುಸಾಗುವುದಿಲ್ಲ. ಬೆವರಿನ ಉಪ್ಪು ಚರ್ಮವನ್ನೂ ದಾರವನ್ನೂ ತಿನ್ನುತ್ತದೆ, ಆಗಾಗ ಒದ್ದೆ ಬಟ್ಟೆಯಿಂದ ಒರೆಸಿ, ಚರ್ಮಕ್ಕೆಂದೇ ಮಾರುವ ಕಂಡೀಷನರನ್ನು ತೆಳುವಾಗಿ ಸವರಿ. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಅದು ಚರ್ಮವನ್ನು ಅತಿಯಾಗಿ ಮೆತ್ತಗೆ ಮಾಡುತ್ತದೆ, ಕಾಲ ಕಳೆದಂತೆ ಕಮಟು ವಾಸನೆ ಹಿಡಿಯುತ್ತದೆ. ಮಂಗಳೂರು, ಉಡುಪಿ, ಮಲೆನಾಡಿನವರು ಮಳೆಗಾಲದಲ್ಲಿ ಗ್ಲೌಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು, ಬೂಷ್ಟು ಹಿಡಿಯುತ್ತದೆ, ಗಾಳಿಯಾಡುವ ಬಟ್ಟೆಚೀಲದಲ್ಲಿಡಿ.

ವೆಲ್ಕ್ರೋ ಹಿಡಿತ ಬಿಟ್ಟರೆ ಗ್ಲೌಸ್ ಎಸೆಯಬೇಕಿಲ್ಲ, ಬ್ಯಾಗು ಚಪ್ಪಲಿ ರಿಪೇರಿ ಮಾಡುವವರು ಹೊಸ ಪಟ್ಟಿ ಹೊಲಿದುಕೊಡುತ್ತಾರೆ. ಅಂಗೈ ಚರ್ಮ ಬೆಳಕು ಕಾಣುವಷ್ಟು ತೆಳುವಾದರೆ, ಬೆರಳ ಬುಡದ ಹೊಲಿಗೆ ಬಿಟ್ಟರೆ, ಅಥವಾ ಒಮ್ಮೆ ಬಿದ್ದು ರಸ್ತೆಗೆ ಉಜ್ಜಿದ್ದರೆ ಅದನ್ನು ಗಾಡಿ ಓಡಿಸಲು ಮತ್ತೆ ಬಳಸಬೇಡಿ. ಹೊಸದು ಕೊಳ್ಳಲು ಹೋಗುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಅಂಗೈಯಲ್ಲಿ ಎಲ್ಲಿ ಸವೆದಿದೆ, ಯಾವ ಬೆರಳ ಸಂದಿನಲ್ಲಿ ಹೊಲಿಗೆ ಬಿಟ್ಟಿದೆ ಎಂಬುದನ್ನು ನೋಡಿದರೆ ಮುಂದಿನ ಜೊತೆಯಲ್ಲಿ ಎರಡು ಪದರ ಚರ್ಮ ಎಲ್ಲಿರಬೇಕು, ಸಡಿಲ ಎಲ್ಲಿ ಬೇಕು ಎಂಬುದನ್ನು ಅಂಗಡಿಯವರಿಗೆ ಬೆರಳಿಟ್ಟು ತೋರಿಸಬಹುದು.